ನೆಲವೇ ಡೊಂಕಾಗಿತ್ತು

ಪ್ರೋಗ್ರಾಂ ಬರೆಯುವವರು ಬಳಸುವ ಎಡಿಟರ್ ಎಂಬ ತಂತ್ರಾಂಶದಲ್ಲಿ ಯಾವ ಬಟನ್ ಎಲ್ಲಿರಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸ. ಮೂರು ತಿಂಗಳು ತಲೆ ಕೆರೆದುಕೊಂಡು ಹೊಸ ವಿನ್ಯಾಸ ಮಾಡಿದ್ದೆ. ಬರೆದ ಪ್ರೋಗ್ರಾಮನ್ನು ನಡೆಸಿ ನೋಡಲು ಎಡಗಡೆಯಿದ್ದ 'ಓಡಿಸು' ಬಟನ್ನನ್ನು ಚಿಕ್ಕದು ಮಾಡಿ ಬಲಮೂಲೆಗೆ ಸಾಗಿಸಿದ್ದೆ, ಪ್ರೋಗ್ರಾಮಿನ ತಪ್ಪುಗಳನ್ನು ತೋರಿಸುವ ಪಟ್ಟಿಯನ್ನು ಕೆಳಗಿನಿಂದ ಎತ್ತಿ ಪಕ್ಕಕ್ಕಿಟ್ಟಿದ್ದೆ. ಹೊರಗೆ ಬಿಡುವ ಮೊದಲು ಅದರ ಬೀಟಾವನ್ನು, ಅಂದರೆ ಪ್ರಯೋಗದ ಆವೃತ್ತಿಯನ್ನು, ಆಫೀಸಿನ ನಲವತ್ತು ಮಂದಿಗೆ ಕೊಟ್ಟೆವು. ಎರಡು ವಾರ ಒಂದೇ ಒಂದು ದೂರು ಬರಲಿಲ್ಲ. ನಾನು ಉಬ್ಬಿಹೋದೆ.

ಆ ಉಬ್ಬಿನಲ್ಲೇ ಮಾಡಬಾರದ ಕೆಲಸ ಮಾಡಿದೆ. ಇಪ್ಪತ್ತು ವರ್ಷ ಬಟ್ಟೆ ಹೊಲಿದ ನನ್ನ ಅಕ್ಕ, ಅಂಗಡಿ ಮುಚ್ಚಿದ ಮೇಲೆ, ನಲವತ್ತಮೂರನೆಯ ವಯಸ್ಸಿನಲ್ಲಿ ಪ್ರೋಗ್ರಾಮಿಂಗ್ ತರಗತಿಗೆ ಸೇರಿದ್ದಳು. ಅಲ್ಲಿಯೂ ನಮ್ಮದೇ ಎಡಿಟರ್. ಮುಂದಿನ ಸೋಮವಾರ ಪರೀಕ್ಷೆ, ಪಾಸಾದರೆ ಕೆಲಸ. ಬುಧವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ನನ್ನ ಲಾಗಿನ್ ಬಳಸಿ ಅವಳ ಲ್ಯಾಪ್‌ಟಾಪಿನಲ್ಲಿ ಬೀಟಾ ಆನ್ ಮಾಡಿಟ್ಟೆ. ಹೇಳಲಿಲ್ಲ. ಹೇಳಿದರೆ ಜನ ಸಹಜವಾಗಿ ಬಳಸುವುದಿಲ್ಲ ಎಂಬುದು ನಮ್ಮ ವೃತ್ತಿಯವರ ದೊಡ್ಡ ಶಾಸ್ತ್ರ.

ಶುಕ್ರವಾರ ಸಂಜೆ ಮನೆಗೆ ಬಂದಾಗ ಅಕ್ಕ ಪುಸ್ತಕಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು.

"ಸಾಕು ಕಣೇ. ನನ್ನ ತಲೆಗೆ ಹತ್ತೋದಲ್ಲ ಇದು. ಪರೀಕ್ಷೆಗೆ ಹೋಗಲ್ಲ."

"ಯಾಕೆ, ಏನಾಯ್ತು?"

"ಹೋದ ವಾರ ಕಣ್ಮುಚ್ಚಿ ಮಾಡ್ತಿದ್ದೆ. ಈಗ ಯಾವ ಬಟನ್ ಎಲ್ಲಿದೆ ಅನ್ನೋದೇ ಮರೆತುಹೋಗಿದೆ. ಹುಡುಕೋಷ್ಟರಲ್ಲಿ ಟೈಮ್ ಮುಗಿಯುತ್ತೆ. ಟೀಚರನ್ನ ಕೇಳೋಕೂ ನಾಚಿಕೆ."

"ಎಡಿಟರಿನದೇ ತಪ್ಪಿರಬಹುದಲ್ಲ?" ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹಾಗನ್ನೋಳಲ್ಲ."

ನೆಲ ನಿಜಕ್ಕೂ ಡೊಂಕಾಗಿತ್ತು. ಡೊಂಕು ಮಾಡಿದ ನಾನು ಅವಳೆದುರಿಗೇ ನಿಂತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಎಲ್ಲ ಹೇಳಿಬಿಟ್ಟೆ.

ಅಕ್ಕ ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಟ್ಟಳು.

"ಅಂಗಡೀಲಿ ನನ್ನ ಕತ್ತರಿ ಒಂದೇ ಮೊಳೆಗೆ ತೂಗ್ತಿತ್ತು. ಇಪ್ಪತ್ತು ವರ್ಷ ಅದರ ಕಡೆ ತಿರುಗಿ ನೋಡಿಲ್ಲ. ಕೈ ಹೋಗ್ತಿತ್ತು, ಸಿಗ್ತಿತ್ತು. ನೀನು ಅದನ್ನ ಬೇರೆ ಮೊಳೆಗೆ ಹಾಕಿ ಸುಮ್ಮನಿದ್ದೆ. ಮೂರು ದಿನ ನನ್ನ ಬುದ್ಧೀನೇ ಹೋಯ್ತು ಅಂದ್ಕೊಂಡಿದ್ದೆ ಕಣೇ."

ಆಮೇಲೆ ಬೈದಳು. ಬಾಯಿ ದಣಿಯುವಷ್ಟು ಬೈದಳು. ನಾನು ತಲೆ ತಗ್ಗಿಸಿ ಬೀಟಾ ಆಫ್ ಮಾಡಿದೆ. ಹಳೆಯ ಪರದೆ ಬಂತು, ಅವಳ ಕೈ ತಾನಾಗಿ ಎಡಕ್ಕೆ ಸರಿಯಿತು, ಪ್ರೋಗ್ರಾಂ ಓಡಿತು. ಅಕ್ಕ ಪೆಟ್ಟಿಗೆಯಿಂದ ಒಂದೊಂದೇ ಪುಸ್ತಕ ಹೊರತೆಗೆದಳು.

ಸೋಮವಾರ ಅವಳು ಪರೀಕ್ಷೆಗೆ ಹೋದಳು, ನಾನು ಆಫೀಸಿಗೆ. ನಲವತ್ತು ಮಂದಿಯನ್ನೂ ಒಬ್ಬೊಬ್ಬರಾಗಿ ಕೇಳಿದೆ: 'ಓಡಿಸು' ಬಟನ್ ಈಗ ಎಲ್ಲಿದೆ? ಒಬ್ಬರಿಗೂ ಗೊತ್ತಿರಲಿಲ್ಲ. ಎಲ್ಲರೂ ಕೀಬೋರ್ಡಿನಿಂದಲೇ ಓಡಿಸುವ ಮಹಾನುಭಾವರು. ಬಟನ್ ಮುಟ್ಟಿ ವರ್ಷಗಳಾಗಿದ್ದವು.

"ಅಲ್ಲೊಂದು ಬಟನ್ ಇತ್ತೇನ್ರೀ?" ಎಂದರು ನಮ್ಮ ಮುಖ್ಯಸ್ಥರು.

ಬಿಡುಗಡೆಯನ್ನು ಮುಂದಕ್ಕೆ ಹಾಕಿಸಿದೆ. ಬೀಟಾ ಈಗ ಬಳಸುವವರನ್ನು ಕೇಳಿಯೇ ಆನ್ ಆಗುತ್ತದೆ, ಬೇಡವೆಂದರೆ ಒಂದೇ ಒತ್ತಿಗೆ ಹಿಂದಿನದು ಬರುತ್ತದೆ. ಬಟನ್ ನೋಡಿಕೊಂಡೇ ಕೆಲಸ ಮಾಡುವ ಹೊಸಬರಿಗೂ ಅದನ್ನು ಕೊಟ್ಟೆವು.

ಅಕ್ಕ ಪಾಸಾದಳು. ಅವಳು ಕೆಲಸಕ್ಕೆ ಸೇರಿದ ವಾರವೇ ಬೀಟಾ ಬಗ್ಗೆ ಮೊಟ್ಟಮೊದಲ ದೂರು ಬಂತು. ಹನ್ನೊಂದು ತಪ್ಪುಗಳನ್ನು, ಯಾವುದು ಎಷ್ಟು ಸರಿಯಬೇಕೆಂಬ ಅಳತೆ ಸಮೇತ ಬರೆದಿದ್ದರು. ಕೊನೆಯ ಸಾಲು ಓದಿದಾಗ ಯಾರೆಂದು ತಿಳಿಯಿತು.

"ಈ ಸಲ ನಾನೇ ಆನ್ ಮಾಡಿದೀನಿ. ನೆಲ ಇನ್ನೂ ಡೊಂಕಾಗಿದೆ, ಸರಿಮಾಡು."