ಹೌದು ಅನ್ನುವ ತನಕ

ಗೋಡೆಯಾಚೆ ಯಾರೋ ಬೋರ್ಡು ಒರೆಸುತ್ತಿದ್ದಾರೆ, ಬೆಕ್ಕು ಬಾಗಿಲು ಕೆರೆದ ಹಾಗೆ ಸದ್ದು, ಅಲ್ಲಿ ಕಂಪ್ಯೂಟರ್ ಪಾಠ, ಇಲ್ಲಿ ಜಗಳ ಬಿಡಿಸುವ ಪಾಠ, ಅಮೀರ್‌ಪೇಟ್‌ನಲ್ಲಿ ಕಲಿಸದ ವಿದ್ಯೆ ಯಾವುದು ಉಳಿದಿದೆ — ಅರವತ್ತಾರನೆಯ ವಯಸ್ಸಿಗೆ ನಾನೂ ಕೊರಳಿಗೆ ಹೆಸರಿನ ಪಟ್ಟಿ ಹಾಕಿಕೊಂಡು ಕೂತಿದ್ದೇನೆ, ಸುಂದರಾಬಾಯಿ, ಮಧ್ಯಸ್ಥಿಕೆ ತರಬೇತಿ, ಇವತ್ತು ಐದನೆಯ ದಿನ, ಕೊನೆಯ ದಿನ. ಕಾಲನಿಯ ಸಂಘದವರು ಕಳಿಸಿದ್ದು, ನನ್ನನ್ನೂ ನಮ್ಮ ಕಾಲನಿಯ ಹುಡುಗ ದಿನೇಶನನ್ನೂ, ಮುಂದಿನ ತಿಂಗಳಿಂದ ಶನಿವಾರಕ್ಕೊಮ್ಮೆ ನಾವಿಬ್ಬರು ಕೂತು ನೆರೆಹೊರೆಯ ತಂಟೆ ಕೇಳಬೇಕಂತೆ. ಮನ್ಯಾಗ ಕುಂತು ಏನ್ ಮಾಡ್ತೀರಿ ಅತ್ತಿ, ಹೋಗಿ ಬರ್ರಿ, ಅಂದಳು ಸೊಸೆ ರಶ್ಮಿ, ನಮ್ಮ ಯಜಮಾನರು ಹೋಗಿ ವರ್ಷ ತುಂಬುತ್ತ ಬಂತು, ಈ ಆದಿತ್ಯವಾರ ಪುಣ್ಯಸ್ಮರಣೆ, ಬಂದದ್ದು ಒಳ್ಳೆಯದೇ ಆಯಿತು, ಲಿಂಗಂಪಲ್ಲಿಯಿಂದ ಬಸ್ಸು, ಕಿಟಕಿ ಪಕ್ಕದ ಸೀಟು, ಹನ್ನೊಂದಕ್ಕೆ ಚಹಾ ಬಿಸ್ಕತ್ತು, ನಾನು ನಗುವುದು ನನ್ನ ಕಿವಿಗೇ ಬೀಳುತ್ತದೆ, ಇವರು ಇದ್ದಿದ್ದರೆ ಸಂಜೆ ಕುರ್ಚಿ ಎಳೆದುಕೊಂಡು ಕೇಳುತ್ತಿದ್ದರು, ಏನ್ ಕಲಿಸಿದ್ರು ಇವತ್ತ, ಹೇಳು. ಮೊದಲ ದಿನ ಆಟದ ಜಗಳ, ಮೇಲಿನ ಮನೆಯ ನೀರು ಕೆಳಗಿನ ಮನೆಯ ಛತ್ತಿಗೆ ಸೋರುತ್ತದೆ, ನಾನು ಮಧ್ಯಸ್ಥೆ, ನಾಲ್ಕು ನಿಮಿಷದಲ್ಲಿ ಮುಗಿಸಿದೆ, ನೀ ಪೈಪ್ ರಿಪೇರಿ ಮಾಡಿಸು, ನೀ ಸುಣ್ಣ ಹಚ್ಚಿಸ್ಕೋ, ಇಬ್ಬರೂ ಕೈ ಮುಗೀರಿ, ನಡೀರಿ ಮನೀಗೆ. ಎಲ್ಲರೂ ನಕ್ಕರು, ಕಲಿಸುವ ಸಂಯುಕ್ತಾ ಮಾತ್ರ ನಗಲಿಲ್ಲ, ರಾಯಚೂರಿನ ಹುಡುಗಿ, ವಕೀಲೆ, ಇದು ಮಧ್ಯಸ್ಥಿಕೆ ಅಲ್ರಿ ಅಮ್ಮಾರ, ಪಂಚಾಯ್ತಿ ಆತು ಅಂದಳು, ಹಿಂದಿನಿಂದ ದಿನೇಶ, ಅಮ್ಮಾರ ಹೇಳಿದ ಮ್ಯಾಲ ನಮ್ಮ ಕಾಲನ್ಯಾಗ ಅಪೀಲಿಲ್ರಿ ಮೇಡಂ. ಎರಡನೆಯ ದಿನ ಸುಮ್ಮನಿರುವುದನ್ನು ಕಲಿತೆ, ಮೌನ ಬಂದರೆ ಮಧ್ಯಸ್ಥ ಅದನ್ನು ತುಂಬಬಾರದು, ಎದುರಿನವರಿಗೇ ಬಿಡಬೇಕು, ಜಪಕ್ಕೆ ಕೂತವಳಿಗೆ ಇದೇನು ಕಷ್ಟ ಅಂದುಕೊಂಡಿದ್ದೆ, ಕಷ್ಟವೇ, ನಾಲಿಗೆ ತುದಿಯಲ್ಲಿ ತೀರ್ಪು ಕೂತಿರುತ್ತದೆ. ಮೂರನೆಯ ದಿನ, ಹೇಳಿದವರ ಮಾತನ್ನು ನಮ್ಮ ಬಾಯಲ್ಲಿ ತಿರುಗಿ ಹೇಳುವುದು, ಅವರು ಹೌದು ಅನ್ನುವ ತನಕ, ಅಲ್ಲ ಅಂದರೆ ಮತ್ತೆ ಕೇಳಬೇಕು, ಮತ್ತೆ ಹೇಳಬೇಕು.

ಇವತ್ತು ಆಟದ ಜಗಳ ಬೇಡ್ರಿ, ನಿಮ್ಮ ಸ್ವಂತದ್ದು ಒಂದು ತಗೋರಿ, ಅಂದಳು ಸಂಯುಕ್ತಾ, ದಿನೇಶ ಮಧ್ಯಸ್ಥ, ನಾನು ಎದುರು ಕುರ್ಚಿಯಲ್ಲಿ, ಕೈ ತೊಡೆಯ ಮೇಲೆ. ಹೇಳಿದೆ. ನನ್ನ ಮೈದುನ ಲಿಂಗಣ್ಣ, ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ, ಭಾಲ್ಕಿಯಿಂದ ಹದಿನಾರರ ಹುಡುಗನಾಗಿ ನಮ್ಮ ಮನೆಗೆ ಬಂದವನು, ಇವರೇ ಓದಿಸಿದ್ದು, ನಾನೇ ಉಣ್ಣಿಸಿದ್ದು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ, ಬದುಕಿದ್ದಷ್ಟು ದಿನ ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನೇ ಎಡಗೈಯಲ್ಲಿ ಇಡುತ್ತಾರೆ, ಆ ಲಿಂಗ ಬಿಟ್ಟು ಬೇರೊಂದಿಲ್ಲ. ಇವರನ್ನು ಮಣ್ಣು ಮಾಡುವ ದಿನ ಇವರ ಲಿಂಗ ಸಿಗಲಿಲ್ಲ, ದೇವರ ಕೋಣೆಯಲ್ಲೇ ಇದೆ ಅಂದೆ ನಾನು, ಮೊಮ್ಮಗ ರಾಹುಲನನ್ನು ಮನೆಗೆ ಎರಡು ಸಲ ಓಡಿಸಿದೆ, ಇಲ್ಲ ಅಂತ ಬಂದ, ಹೊತ್ತು ಇಳಿಯುತ್ತಿತ್ತು, ಅಯ್ಯನವರು ಅವಸರ ಮಾಡಿದರು, ಆಗ ಲಿಂಗಣ್ಣ ತನ್ನ ಕೊರಳಿನದನ್ನೇ ಬಿಚ್ಚಿ ಹಿಡಿದುಕೊಂಡು ಕುಣಿಗೆ ಇಳಿದ. ಎಲ್ಲರೆದುರು ಕೂಗಿದೆ ನಾನು, ಜೀವ ಇದ್ದಾಂವ ಲಿಂಗ ಬಿಚ್ಚತಾನೇನು, ಅಣ್ಣನ್ನೂ ಕೆಡಿಸಿದಿ, ನಿನ್ನೂ ಕೆಡಿಸ್ಕೊಂಡಿ, ಇನ್ನ ನಮ್ಮ ಹೊಸ್ತಿಲ ತುಳೀಬ್ಯಾಡ. ಅವನು ತುಳಿಯಲಿಲ್ಲ. ದಿನೇಶ ಚೀಟಿ ನೋಡದೆ ತಿರುಗಿ ಹೇಳಿದ, ಪುಣ್ಯಾತ್ಮ, ಚೆನ್ನಾಗಿ ಕಲಿತಿದ್ದಾನೆ, ಅಂದ್ರ ಅಮ್ಮಾರ, ಲಿಂಗ ಮನ್ಯಾಗ ಇತ್ತು, ಇನ್ನೊಂದೀಟು ಹುಡುಕಿದ್ರ ಸಿಗತಿತ್ತು, ಅವರು ತಡೀಲಿಲ್ಲ, ಅದು ನಿಮಗ ನೋವಾಗೇತಿ, ಹೌದೇನ್ರಿ. ಹೌದು ಅನ್ನಬೇಕಿತ್ತು. ಅನ್ನಲಿಲ್ಲ. ಅವನೂ ಸುಮ್ಮನೆ ಕೂತ, ಸಂಯುಕ್ತಾಳೂ ಸುಮ್ಮನೆ, ಈ ಮೌನದ ಪಾಠ ನನಗೇ ತಿರುಗಿತಲ್ಲ ಶಿವನೇ — ಆಪರೇಶನ್ನಿಗೆ ಒಯ್ಯುವ ಮುಂಚೆ ನರ್ಸು, ಅಮ್ಮಾ ಮೆಡಲೋದಿ ತೀಸೇಯಂಡಿ ಅಂದಳು, ಕೊರಳಿನದು ತೆಗೆಯಿರಿ ಅಂತ, ಇವರ ಲಿಂಗ ನಾನೇ ಬಿಚ್ಚಿದೆ, ಕರವಸ್ತ್ರದಲ್ಲಿ ಗಂಟು ಕಟ್ಟಿ ನನ್ನ ಚೀಲದ ಒಳಜೇಬಿಗೆ ಹಾಕಿದೆ, ಇವರು ನೋಡುತ್ತಿದ್ದರು, ಜೋಕೆ ಅಂದರು, ಅದೇ ಕೊನೆಯ ಮಾತು, ಆಮೇಲೆ ನನಗೆ ಯಾವ ನೆನಪೂ ಇಲ್ಲ, ಚೀಲ ಹೆಗಲಲ್ಲೇ ಇತ್ತು, ಕುಣಿಯ ಹತ್ತಿರವೂ ಹೆಗಲಲ್ಲೇ, ಹಾಗೇ ನಿಂತು ಕೂಗಿದೆ. ಮಣ್ಣು ಮಾಡಿದ ಮೂರನೆಯ ದಿನ ಕನ್ನಡಕ ಹುಡುಕುವಾಗ ಕೈಗೆ ಗಂಟು ಸಿಕ್ಕಿತು. ಯಾರಿಗೂ ಹೇಳಲಿಲ್ಲ, ವರ್ಷವಿಡೀ ನನ್ನ ಲಿಂಗದ ಜೊತೆ ಇವರದಕ್ಕೂ ಪತ್ರಿ ಏರಿಸುತ್ತ ಬಂದೆ, ಬಾಗಿಲು ಹಾಕಿಕೊಂಡು, ಕದ್ದ ಹಾಗೆ. ಅಲ್ಲ, ಅಂದೆ ದಿನೇಶನಿಗೆ, ನೀ ಹೇಳಿದ್ದು ಖರೆ ಅಲ್ಲ, ಲಿಂಗ ಮನ್ಯಾಗ ಇರಲಿಲ್ಲ, ನನ್ನ ಹತ್ರನ ಇತ್ತು. ಅವನು ಕುರ್ಚಿ ಸ್ವಲ್ಪ ಮುಂದೆ ಎಳೆದುಕೊಂಡ, ಇದು ನಿಮ್ಮ ಮೈದುನಗ ಗೊತ್ತೈತೇನ್ರಿ ಅಂದ. ತೀರ್ಪು ಕೊಡಲಿಲ್ಲ ಹುಡುಗ, ಬುದ್ಧಿಯನ್ನೂ ಹೇಳಲಿಲ್ಲ.

ಊಟಕ್ಕೆ ಬಿಟ್ಟರು, ಡಬ್ಬಿ ತೆರೆಯಲಿಲ್ಲ, ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಒರಗಿ ನಿಂತಿದ್ದೇನೆ, ಕೆಳಗೆ ಬಸ್ಸಿನ ಹಾರನ್ನು, ಕಂಪ್ಯೂಟರ್ ಪಾಠದ ಮಕ್ಕಳು ದಾರಿ ಬಿಡಿ ಆಂಟೀ ಅಂತ ಇಳಿಯುತ್ತಾರೆ, ಫೋನಿನಲ್ಲಿ ಲಿಂಗಣ್ಣನ ಹೆಸರು ಒತ್ತಿದೆ, ಎತ್ತುವನೋ ಇಲ್ಲವೋ, ಎತ್ತದಿದ್ದರೆ ಆದಿತ್ಯವಾರ ಅವನ ತಟ್ಟೆ ಇಲ್ಲದ ಪಂಕ್ತಿ — ವೈನಿ, ಅಂದ. ಅದೇ ದನಿ, ಬೆನ್ನಿಗೆ ಯಂತ್ರದ ಸದ್ದು. ಲಿಂಗಣ್ಣ, ಹೇಳೋದೈತಪ್ಪ, ಮುಗಿಯೋ ತನಕ ಕೇಳು. ಹೇಳ್ರಿ. ಹೇಳಿದೆ, ನರ್ಸು, ಕರವಸ್ತ್ರ, ಒಳಜೇಬು, ಕನ್ನಡಕ, ಎಲ್ಲ. ನನಗೆ ದುಃಖದಾಗ ನೆನಪಿರಲಿಲ್ಲ ಅಂತ ಸೇರಿಸಬೇಕೆನಿಸಿತು, ಸೇರಿಸಲಿಲ್ಲ. ಆ ಕಡೆ ಮಾತಿಲ್ಲ, ಯಂತ್ರ ಮಾತ್ರ, ನಾನು ತುಂಬಲಿಲ್ಲ, ಒಂದು ಉಸಿರು, ಎರಡು, ಅವನು ದೂರ ನಡೆದು ಹೋದನೋ ಏನೋ, ಸದ್ದು ಸಣ್ಣದಾಯಿತು. ದವಾಖಾನ್ಯಾಗ ನೀವ ಬಿಚ್ಚಿ ಇಟ್ಕೊಂಡಿರಬೇಕು, ನೆನಪಾಗಿಲ್ಲಂತ ನನಗ ಅವತ್ತ ಅನಿಸಿತ್ರಿ ವೈನಿ, ಚೀಲಾ ನೋಡ್ರಿ ಅನಬೇಕಂತ ಮಾಡಿದ್ದೆ, ನಿಮ್ಮ ಮಾರಿ ನೋಡಿ ಅನಲಿಲ್ಲ. ಈಗ ನಿನ್ನ ಕೊರಳಾಗ ಏನೈತಿ, ಅಂದೆ. ಅಯ್ಯನವರು ಬ್ಯಾರೆ ಕೊಡ್ತೀನಿ ಬಾ ಅಂದಾರ, ಹೋಗಾಕ ಆಗವಲ್ದು, ಖಾಲಿ ಐತಿ. ಆದಿತ್ಯವಾರ ನಸುಕಿನ್ಯಾಗ ಬಾ, ಪೂಜೆಗೆ ನೀ ಕುಂಡ್ರಬೇಕು, ನಿಮ್ಮಣ್ಣನ ಲಿಂಗ ಮನ್ಯಾಗ ಐತಿ. ಬರ್ತೀನ್ರಿ. ಮುಗಿಯಿತು ಅಂದುಕೊಂಡೆ, ಎದೆ ಹಗುರಾಗಿ ಹಸಿವೆಯೂ ಆಗತೊಡಗಿತ್ತು, ಜೋಳದ ರೊಟ್ಟಿ, ಶೇಂಗಾ ಹಿಂಡಿ, ದಿನೇಶನಿಗೂ ಒಂದು ಕೊಡಬೇಕು, ಆಗ ಅವನು, ಫೋನು ಇಡದೆ, ತಡ ಮಾಡಿದೆ ಅಂತ ಎಲ್ಲಾರೂ ಬೈದ್ರು ವೈನಿ, ಕುಣ್ಯಾಗ ಅಷ್ಟೊತ್ತು ಏನ್ ಮಾಡಾಕತ್ತಾನ ಅಂತ, ಅಣ್ಣನ ಬೆರಳು ಬಿಚ್ಚಲಿಲ್ರಿ, ಭಾಳ ತಣ್ಣಗಿದ್ವು, ಜೋರು ಮಾಡಾಕ ಮನಸ್ಸು ಬರಲಿಲ್ಲ, ನನ್ನ ಎರಡೂ ಅಂಗೈಯಾಗ ಹಿಡ್ಕೊಂಡು ಕುಂತೆ, ಬೆಚ್ಚಗಾಗಲಿ ಅಂತ. ಬೆನ್ನು ಮಾತ್ರ ಕಂಡಿತ್ತು ನನಗೆ, ಬಗ್ಗಿದ ಬೆನ್ನು, ಆ ಬೆನ್ನಿಗೇ ನಾನು ಕೂಗಿದ್ದು, ಅದರಾಚೆ ಅವನು ಹಿಡಿದುಕೊಂಡು ಕೂತಿದ್ದ, ಬಿಸಿ ಅಂಗೈ, ನಡುವೆ ಅಣ್ಣನ ಕೈ, ಒಂದು ಬೆರಳು ಸಡಿಲವಾಗಿ, ಆಮೇಲೆ ಇನ್ನೊಂದು ಬೆರಳು, ಇನ್ನೊಂದು —