ಒಬ್ಬರಾ, ಇಬ್ಬರಾ?

"ಬೆಲ್ಟ್ ಹಾಕ್ಬಿಡು," ಅಂದ ಅಣ್ಣ, ನನ್ನ ಗ್ಯಾರೇಜಿನಲ್ಲಿ ಬೈಕು ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ. "ಈ ಚೈನು, ಸ್ಪ್ರಾಕೆಟ್ಟು ಎಲ್ಲಾ ಕಿತ್ತು ಬಿಸಾಕು. ಬೆಲ್ಟಾದ್ರೆ ಜರ್ಕೇ ಇರಲ್ವಂತೆ."

ನನಗೆ ರೇಗಿತು. ದೂರದ ಪ್ರಯಾಣಕ್ಕೆಂದೇ ಅವನು ಕೊಂಡ ಆ ದೊಡ್ಡ ಬೈಕನ್ನು ಹದಿನೆಂಟು ವರ್ಷದಿಂದ ರಿಪೇರಿ ಮಾಡುತ್ತಿರುವವನು ನಾನು. ಯಾವನೋ ಮೊಬೈಲಿನಲ್ಲಿ ಬಡಬಡಿಸಿದ್ದನ್ನು ಕೇಳಿಕೊಂಡು ನನಗೇ ಪಾಠ ಹೇಳಲು ಬಂದಿದ್ದಾನೆ!

"ಹೋದ ವರ್ಷ ಹಾಕಿದ ಚೈನು ಕಣಣ್ಣ, ಕಲ್ಲಿನ ಹಾಗಿದೆ. ತಲೆ ಕೆಟ್ಟಿದೆಯಾ ನಿನಗೆ?"

"ಮತ್ತೆ ಜರ್ಕ್ ಯಾಕೆ ಹೊಡೆಯುತ್ತೆ? ಟಕಟಕ ಸದ್ದು ಬೇರೆ. ಇದರ ಮೇಲೆ ನಿನ್ನತ್ತಿಗೆ ಹೇಗೆ ಕೂತ್ಕೋತಾಳೆ, ಹೇಳು?"

ಅತ್ತಿಗೆಯ ಬೆನ್ನಿನ ಆಪರೇಷನ್ ಆಗಿ ಏಳು ತಿಂಗಳಾಗಿತ್ತು. ಇನ್ನು ಯಾವತ್ತೂ ಬೈಕು ಹತ್ತುವಂತಿಲ್ಲ ಎಂದು ಡಾಕ್ಟರು ನಮ್ಮಿಬ್ಬರ ಎದುರಿಗೇ ಹೇಳಿದ್ದರು. ಅಣ್ಣ ಅವತ್ತು ಸುಮ್ಮನೆ ತಲೆಯಾಡಿಸಿದ್ದ.

ಜರ್ಕಿನ ಕಾರಣ ನನಗೆ ಹೊಳೆದಿತ್ತು. ಚೈನು ಬಿಗಿ ಮಾಡುವ ಮುಂಚೆ ಗ್ಯಾರೇಜಿಗೆ ಬಂದವರನ್ನೆಲ್ಲ ನಾನು ಕೇಳುತ್ತೇನೆ: ಒಬ್ಬರಾ, ಇಬ್ಬರಾ? ಇಬ್ಬರು ಕೂತರೆ ಬೈಕಿನ ಹಿಂಬದಿ ತಗ್ಗಿ ಚೈನು ಎಳೆದುಕೊಳ್ಳುತ್ತದೆ. ಅದಕ್ಕೇ ತುಸು ಸಡಿಲ ಬಿಡಬೇಕು. ಅಣ್ಣನನ್ನು ಮಾತ್ರ ಒಮ್ಮೆಯೂ ಕೇಳಿದವನಲ್ಲ; ಅವನ ಹಿಂದೆ ಅತ್ತಿಗೆ ಇದ್ದೇ ಇರುತ್ತಿದ್ದರು. ಹೋದ ತಿಂಗಳ ಸರ್ವೀಸಿನಲ್ಲೂ ರೂಢಿಯಂತೆ ಇಬ್ಬರಿಗೇ ಬಿಟ್ಟಿದ್ದೆ. ಒಬ್ಬನೇ ಓಡಿಸುವಾಗ ಅದು ಬಡಿದುಕೊಳ್ಳದೆ ಇನ್ನೇನು ಮಾಡೀತು?

ತಪ್ಪು ನನ್ನದೇ, ಸರಿ ಮಾಡುವುದು ಐದು ನಿಮಿಷದ ಕೆಲಸ. ಆದರೆ ಇದನ್ನು ಇವನಿಗೆ ಯಾವ ಬಾಯಲ್ಲಿ ಹೇಳಲಿ?

"ಬೆಲ್ಟ್ ದಂಡ ಅಣ್ಣ."

"ಯಾಕೆ?"

ಸ್ಪ್ಯಾನರ್ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. "ಚೈನು ಇಬ್ಬರಿಗೆ ಅಂತ ಬಿಟ್ಟಿದ್ದೀನಿ. ಅದಕ್ಕೇ ಬಡೀತಿದೆ."

ಅವನು ಹೆಲ್ಮೆಟ್ ತೆಗೆದು ನೆಲದ ಮೇಲಿಟ್ಟ. ಬಗ್ಗಿ ಚೈನನ್ನು ಬೆರಳಿನಿಂದ ಮೇಲೆತ್ತಿದ, ಬಿಟ್ಟ.

"ಒಂದು ಸಲ ಬೆಲ್ಟ್ ಹಾಕಿ ನೋಡಿದ್ರೆ?" ಅಂದ, ನನ್ನ ಮುಖ ನೋಡದೆ. "ಮೆತ್ತಗೆ ಓಡಿಸ್ತೀನಿ ಕಣೋ. ತುಂಬಾ ಮೆತ್ತಗೆ."

"ಆಗಲ್ಲ ಅಣ್ಣ."

ಅವನು ಹಿಂದಿನ ಸೀಟಿನ ಧೂಳು ಒರೆಸಿದ. ಆಮೇಲೆ, "ಹಾಗಾದ್ರೆ ಒಬ್ಬರಿಗೇ ಮಾಡು," ಅಂದ.

ಭಾರ ನೋಡಬೇಕಲ್ಲ, ಅವನನ್ನೇ ಬೈಕಿನ ಮೇಲೆ ಕೂರಿಸಿ, ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ನಟ್ಟು ತಿರುವಿದೆ. ತಲೆಯೆತ್ತಿ ನೋಡಿದರೆ ಅಣ್ಣ ಎಂದಿನಂತೆ ಟ್ಯಾಂಕಿಗೆ ಒತ್ತಿಕೊಂಡು ಕೂತಿದ್ದ, ಹಿಂದೆ ಒಬ್ಬರಿಗೆ ಜಾಗ ಬಿಟ್ಟು. ಹಿಂದಕ್ಕೆ ಸರಿ ಅನ್ನದೆ ಮತ್ತೆ ನಟ್ಟಿಗೆ ಬಗ್ಗಿದೆ.