ಹದಿನೇಳನೇ ಕುರ್ಚಿ

ಬೆಳಗ್ಗೆ ಎಂಟಕ್ಕೆ ಓದುವ ಕೋಣೆಗೆ ಬಂದು, ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಹದಿನೆಂಟನೇ ಕುರ್ಚಿಯ ಮೇಲೆ ಚೀಲವಿಟ್ಟ ಪುಟ್ಟಿ ಮೊದಲು ನೋಡಿದ್ದು ತನ್ನ ಪುಸ್ತಕವನ್ನಲ್ಲ, ಪಕ್ಕದ ಮೇಜನ್ನು. ಅಲ್ಲಿ ತೆರೆದಿದ್ದ ರಸಾಯನಶಾಸ್ತ್ರದ ದಪ್ಪ ಪುಸ್ತಕದಲ್ಲಿ ಪುಟ ಮುನ್ನೂರ ಹನ್ನೆರಡು. ನಿನ್ನೆ ಸಂಜೆ ಎಲ್ಲರಿಗಿಂತ ಕೊನೆಗೆ ಎದ್ದು ಹೋದವಳು ಅವಳೇ. ಆಗ ಮುನ್ನೂರ ಎರಡಿತ್ತು.

ಮನೆಗೆ ಕಿರಿಯಳಾದ್ದರಿಂದ ಇಪ್ಪತ್ತೊಂದು ತುಂಬಿದರೂ ಅವಳು ಪುಟ್ಟಿಯೇ. ಪದವಿ ಮುಗಿದಿತ್ತು, ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ಇನ್ನು ಇಪ್ಪತ್ತಾರು ದಿನ. ಅವಳು ಸೇರಿದಾಗ ಈ ಕೋಣೆಯಲ್ಲಿ ಇಪ್ಪತ್ನಾಲ್ಕು ಕುರ್ಚಿ, ಇಪ್ಪತ್ಮೂರು ತಲೆ. ಹದಿನೇಳರಲ್ಲಿ ಕೂತವರನ್ನು ಯಾರೂ ಕಂಡಿರಲಿಲ್ಲ. ಆದರೂ ಕುರ್ಚಿ ಈಗಷ್ಟೇ ಯಾರೋ ಎದ್ದು ಹೋದಂತೆ ತುಸು ಹಿಂದಕ್ಕೆ ಸರಿದಿರುತ್ತಿತ್ತು. ಪೆನ್ನಿನ ಮುಚ್ಚಳ ತೆಗೆದಿರುತ್ತಿತ್ತು. ನೀರಿನ ಬಾಟಲಿ ಕಂಠದವರೆಗೆ ತುಂಬಿರುತ್ತಿತ್ತು. ಕೇಳಿದರೆ ಕೋಣೆಯ ಯಜಮಾನರು ನಗುತ್ತಿದ್ದರು: "ಅವನು ಯಾವಾಗ ಬರ್ತಾನೆ ಅನ್ನೋದು ಬಿಡಮ್ಮ, ಎಷ್ಟು ಓದಿದಾನೆ ನೋಡು."

ಪುಟ್ಟಿ ನೋಡಿದಳು. ನೋಡಿ ನೋಡಿ ಅದೇ ರೋಗವಾಯಿತು. ಅವನು ಹತ್ತು ಪುಟ ಓದಿದರೆ ಇವಳಿಗೆ ಹನ್ನೆರಡಾಗಬೇಕು. ಊಟದ ಡಬ್ಬಿ ತೆರೆಯದೆ ಮನೆಗೆ ಮರಳತೊಡಗಿತು. ಅಮ್ಮ "ಅನ್ನದ ಮೇಲೆ ಯಾಕೆ ಸಿಟ್ಟು?" ಎಂದರೆ "ಹಸಿವಿಲ್ಲ" ಎಂದು ಮೂಗು ಉಜ್ಜಿಕೊಳ್ಳುತ್ತಿದ್ದಳು. ಒಂದು ದಿನ, ವಿಜ್ಞಾನ ಓದಿದವಳಲ್ಲವೇ, ಪರೀಕ್ಷೆ ಮಾಡಿಯೇ ಬಿಡೋಣವೆಂದು ಆ ಬಾಟಲಿಯ ಮೇಲೆ ನೀರಿನ ಮಟ್ಟಕ್ಕೆ ಸರಿಯಾಗಿ ಪೆನ್ನಿನಿಂದ ಗೆರೆ ಎಳೆದಳು. ಮಧ್ಯಾಹ್ನ ಐದು ನಿಮಿಷ ಮುಖ ತೊಳೆಯಲು ಹೋಗಿ ಬಂದಾಗ ನೀರು ಗೆರೆಯಿಂದ ಎರಡು ಬೆರಳು ಕೆಳಗಿತ್ತು.

ಆ ವಾರವೇ ಅವಳು ಮಾಡಬಾರದ ಕೆಲಸ ಮಾಡಿದ್ದು. ಜಡೆ ಮೂರು ವರ್ಷಗಳಿಂದ ಅವಳ ಗೆಳತಿ, ಇದೇ ಪರೀಕ್ಷೆಗೆ ಇದೇ ಕೋಣೆಯಲ್ಲಿ ಓದುತ್ತಿದ್ದವಳು. ಮೊಣಕಾಲು ಮುಟ್ಟುವ ಕೂದಲಿಗೆ ಬಿದ್ದ ಹೆಸರದು. ಇಬ್ಬರೂ ಸೇರಿ ಒಂದು ನೋಟ್‌ಬುಕ್ ಮಾಡಿದ್ದರು. ಎಲೆಕ್ಟ್ರಾನು ಎಲ್ಲಿಂದ ಎಲ್ಲಿಗೆ ಹಾರುತ್ತದೆಂದು ಬಾಣ ಬಿಡಿಸುವವಳು ಜಡೆ, ಕೆಳಗೆ ವಿವರ ಬರೆಯುವವಳು ಪುಟ್ಟಿ. ಮೂರು ದಿನ ಇವಳ ಹತ್ತಿರ, ಮೂರು ದಿನ ಅವಳ ಹತ್ತಿರ, ಭಾನುವಾರ ಅದಕ್ಕೂ ರಜೆ. ಫೋನಿನಲ್ಲಿ ಚಿತ್ರ ತೆಗೆದರೆ ತಲೆಗೆ ಹತ್ತುವುದಿಲ್ಲವೆಂದು ಜಡೆಯ ಹಟ. ಹಾಗಾಗಿ ಇದ್ದದ್ದು ಒಂದೇ ಪ್ರತಿ. ಜಡೆಯೂ ತನ್ನನ್ನು ಹಿಂದೆ ಹಾಕಿಯಾಳೆಂಬ ಹೆದರಿಕೆಗೆ ಅದನ್ನು ಪುಟ್ಟಿ ಮನೆಯ ಕಪಾಟಿನಲ್ಲಿ ಹೊದಿಕೆಗಳ ಅಡಿಗೆ ತುರುಕಿ, "ಕಳೆದುಹೋಯ್ತು ಕಣೇ" ಎಂದಳು. ಜಡೆ ಎರಡು ದಿನ ಹುಡುಕಿದಳು. ಆಮೇಲೆ ಕೋಣೆಗೆ ಬರುವುದನ್ನೇ ಬಿಟ್ಟಳು. ಕದ್ದವಳಿಗೂ ಅದರಿಂದ ಲಾಭವಾಗಲಿಲ್ಲ. ಆ ನೋಟ್‌ಬುಕ್ ತೆರೆಯಲು ಪುಟ್ಟಿಗೆ ಕೈಯೇ ಬರುತ್ತಿರಲಿಲ್ಲ.

ಮುನ್ನೂರ ಹನ್ನೆರಡನೇ ಪುಟ ಕಂಡ ಮರುದಿನ ಅವಳು ಆರು ಗಂಟೆಗೇ ಬಂದಳು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹಾಳೆ ಸರಿದ ಸದ್ದು: ಒಂದು, ಎರಡು, ಮೂರು. ಓಡಿಹೋಗಬೇಕೆನಿಸಿದರೂ ಬಾಗಿಲಿಗೆ ಆತುಕೊಂಡಳು. ಇಣುಕಿದರೆ, ಹದಿನೇಳನೇ ಮೇಜಿನ ಮುಂದೆ ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದವಳು ಕಸ ಗುಡಿಸುವ ಅಕ್ಕ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುತ್ತಿದ್ದಳು. ಐದಾದ ಮೇಲೆ ನಿಲ್ಲಿಸಿ, ಕುರ್ಚಿಯನ್ನು ತುಸು ಹಿಂದಕ್ಕೆಳೆದಳು.

"ಅಕ್ಕಾ, ಏನ್ ಮಾಡ್ತಿದ್ದೀರಿ?"

"ಅಯ್ಯೋ, ಜೀವ ಹೋಯ್ತಲ್ಲಮ್ಮ!" ಅಕ್ಕ ಎದೆ ಹಿಡಿದುಕೊಂಡಳು. "ದಿನಾ ಐದು ಹಾಳೆ ತಿರುವು ಅಂತ ಯಜಮಾನ್ರು ಹೇಳಿದಾರೆ, ತಿರುವ್ತೀನಿ. ನಂಗೆ ಓದೋಕೆ ಬರುತ್ತಾ? ಮುಂದೆ ಒಬ್ಬ ಓಡ್ತಿದ್ರೆ ಹಿಂದಿರೋರೂ ಓಡ್ತಾರಂತೆ."

"ಮತ್ತೆ ನೀರು?"

"ಮಧ್ಯಾಹ್ನ ನೀವ್ಯಾರೂ ಇಲ್ಲದಾಗ ಸ್ವಲ್ಪ ಕಿಟಕಿ ಗಿಡಕ್ಕೆ ಹಾಕ್ತೀನಿ. ಸುಮ್ನೆ ಚೆಲ್ಲೋದು ಯಾಕೆ?"

ಹಗ್ಗವನ್ನು ಹಾವೆಂದು ಹೆದರಿದ ಕಥೆ ಇದು ಎಂದು ಪುಟ್ಟಿಗೆ ನಗು ಬರಬೇಕಿತ್ತು. ಬರಲಿಲ್ಲ. ಪುಸ್ತಕದ ಅಂಚಿನಲ್ಲಿ ತೆಳ್ಳಗಿನ ಅಕ್ಷರಗಳಿದ್ದವು. "ಇದು ಯಾರದು?"

"ಹೋದ ವರ್ಷ ನಿನ್ನ ಕುರ್ಚೀಲಿ ಕೂರ್ತಿದ್ದ ಹುಡುಗಂದು. ಆಗ ಖಾಲಿ ಇದ್ದಿದ್ದು ಹತ್ತೊಂಬತ್ತು. ಇವನು ದಿನಾ ಅದನ್ನೇ ನೋಡ್ತಿದ್ದ, ನಿನ್ನ ಹಾಗೇ. ಪರೀಕ್ಷೆಗೆ ಮೂರು ದಿನ ಇದೆ ಅನ್ನುವಾಗ ಎಲ್ಲಾ ಬಿಟ್ಟು ಎದ್ದು ಹೋದ. ಈಗ ಎಲ್ಲೋ ಅವರ ಮಾವನ ಮನೇಲಿ ಇದಾನೆ. ಪುಸ್ತಕ ಕಂಡ್ರೆ ಬೆವರ್ತಾನಂತೆ." ಅಕ್ಕ ಪೊರಕೆ ಎತ್ತಿಕೊಂಡಳು. ಒಂದು ಗಳಿಗೆ ತಡೆದು ಹೇಳಿದಳು: "ಮೊನ್ನೆ ಯಜಮಾನ್ರು ನಿನ್ನ ಪುಸ್ತಕ ತಿರುವಿ ನೋಡ್ತಿದ್ರು. 'ಅಕ್ಷರ ಚೆನ್ನಾಗಿದೆ, ಮುಂದಿನ ವರ್ಷಕ್ಕೆ ಆಗುತ್ತೆ' ಅಂದ್ರು."

ಪುಟ್ಟಿ ತನ್ನ ಮೇಜಿನ ಕಡೆ ತಿರುಗಿದಳು. ತೆರೆದಿಟ್ಟ ಪುಸ್ತಕ, ಮುಚ್ಚಳ ತೆಗೆದ ಪೆನ್ನು, ಹಿಂದೆ ಸರಿದ ಕುರ್ಚಿ. ಸಂಜೆ ತಾನೇ ಹಾಗೆ ಬಿಟ್ಟು ಹೋಗಿದ್ದಳು. ಎರಡು ಮೇಜುಗಳಿಗೂ ಏನೂ ವ್ಯತ್ಯಾಸವಿರಲಿಲ್ಲ.

ಯಜಮಾನರು ಬರುವವರೆಗೂ ಅವಳು ನಿಂತೇ ಇದ್ದಳು. ಅವರು ಹಿಂದೆ ಗಣಿತದ ಮೇಷ್ಟರಾಗಿದ್ದವರು, ಕೇಳಿದ್ದಕ್ಕೆ ಗದರಲಿಲ್ಲ. "ನಾನು ಯಾರನ್ನಾದ್ರೂ ಹೊಡೆದ್ನಾ, ಬೈದ್ನಾ? ಸೀಟುಗಳು ಕಮ್ಮಿ, ಬರೆಯೋರು ಸಾವಿರಾರು. ಹೆದರಿಕೆ ಇಲ್ಲದೆ ಯಾರಮ್ಮ ಓದ್ತಾರೆ? ಹೋದ ವರ್ಷ ಇಲ್ಲಿಂದ ಒಂಬತ್ತು ಜನ ಪಾಸಾದ್ರು."

"ಈ ಪುಸ್ತಕದ ಹುಡುಗ, ಸರ್?"

ಅವರು ಕನ್ನಡಕ ತೆಗೆದು ಒರೆಸಿದರು. "ಅವನು ಹತ್ತನೆಯವನಾಗಬೇಕಿತ್ತು," ಎಂದರು.

ಪುಟ್ಟಿ ಮನೆಗೆ ಹೋಗಿ ಹೊದಿಕೆಗಳ ಅಡಿಯಿಂದ ನೋಟ್‌ಬುಕ್ ಎಳೆದಳು. ಜಡೆ ತನ್ನ ಅಕ್ಕನ ಟೈಲರ್ ಅಂಗಡಿಯಲ್ಲಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

"ಇದು ಕಳೆದಿರ್ಲಿಲ್ಲ. ನಾನೇ ಬಚ್ಚಿಟ್ಟಿದ್ದೆ."

ಜಡೆ ದಾರವನ್ನು ಹಲ್ಲಿನಿಂದ ಕಡಿದಳು. "ಗೊತ್ತಿತ್ತು."

"ಗೊತ್ತಿದ್ದೂ ಕೇಳ್ಲಿಲ್ವಲ್ಲೇ?"

"ಸುಳ್ಳು ಹೇಳುವಾಗ ನೀನು ಮೂಗು ಉಜ್ಕೊಳ್ತೀಯ. ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತಿದ್ದೆ. ಅದನ್ನ ನೋಡೋ ಧೈರ್ಯ ನಂಗಿರ್ಲಿಲ್ಲ. ಪರೀಕ್ಷೆನೂ ಬೇಡ, ನೀನೂ ಬೇಡ ಅನ್ನಿಸಿಬಿಡ್ತು."

ಪುಟ್ಟಿಗೆ ಅಳು ತಡೆಯಲಾಗಲಿಲ್ಲ. ಬಿಕ್ಕುತ್ತಲೇ ಹದಿನೇಳನೇ ಕುರ್ಚಿಯ ಕಥೆಯನ್ನೆಲ್ಲ ಹೇಳಿದಳು. ಜಡೆ ಕೇಳಿದಳು, ಸಮಾಧಾನ ಮಾಡಲಿಲ್ಲ. ಉಳಿದ ನಾಲ್ಕು ಗುಂಡಿ ಹೊಲಿದು ಮುಗಿಸಿ, ಸೂಜಿಯನ್ನು ಡಬ್ಬಿಗೆ ಹಾಕಿ, "ನಡಿ, ಆ ದೆವ್ವದ ಮುಖ ನಾನೂ ನೋಡ್ತೀನಿ," ಎಂದು ಎದ್ದಳು.

ಪುಟ್ಟಿ ಆ ಹುಡುಗನ ಪುಸ್ತಕವನ್ನು ಮುಚ್ಚಿ, ಪೆನ್ನಿಗೆ ಮುಚ್ಚಳ ಹಾಕಿ, ಎರಡನ್ನೂ ಯಜಮಾನರ ಮೇಜಿನ ಮೇಲಿಟ್ಟು ಬಂದಳು. ಜಡೆ ಹದಿನೇಳನೇ ಕುರ್ಚಿಯನ್ನು ಸದ್ದು ಮಾಡಿಕೊಂಡೇ ಎಳೆದು ಕೂತಳು. ಕೋಣೆಯ ತಲೆಗಳೆಲ್ಲ ಒಮ್ಮೆಲೇ ಎದ್ದವು. ಯಜಮಾನರು ಹತ್ತಿರ ಬಂದರು.

"ಆ ಕುರ್ಚಿ..."

"ಖಾಲಿ ಇತ್ತಲ್ವಾ ಸರ್?"

ಅವರು ತಮ್ಮ ಮೇಜಿಗೆ ಮರಳಿ ಹೋದರು.

ನೋಟ್‌ಬುಕ್ ಎರಡು ಮೇಜುಗಳ ನಡುವಿನ ಗೆರೆಯ ಮೇಲೆ ತೆರೆದುಕೊಂಡಿತು. ಒಂದು ಬಾಣ ತಪ್ಪೆಂದು ಪುಟ್ಟಿ ಹೇಳಿದಳು, ಅಲ್ಲವೆಂದು ಜಡೆ ಪಿಸುಗುಟ್ಟಿ ಜಗಳವಾಡಿದಳು. ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡರು. ಜಡೆ ಎಂದಿನಂತೆ ನೀರು ತಂದಿರಲಿಲ್ಲ. ಮೇಜಿನ ಮೇಲಿದ್ದ ಬಾಟಲಿಯನ್ನೇ ಎತ್ತಿ ಗಟಗಟ ಕುಡಿದಳು.

ನೀರು ಪೆನ್ನಿನ ಗೆರೆಯಿಂದ ಎರಡು ಬೆರಳು ಕೆಳಗಿಳಿದಿತ್ತು. ಪುಟ್ಟಿ ಅದನ್ನು ನೋಡಿದಳು, ಬಾಯಿ ಒರೆಸಿಕೊಳ್ಳುತ್ತಿದ್ದ ಜಡೆಯನ್ನು ನೋಡಿದಳು. ಆಮೇಲೆ ಬೆರಳು ಒದ್ದೆ ಮಾಡಿಕೊಂಡು ಆ ಗೆರೆಯನ್ನು ಉಜ್ಜಿ ಅಳಿಸಿದಳು.